ಇದು ನಮ್ಮೂರ ವಸತಿ ಶಾಲೆ ಅಲ್ಲ
(ಈ ವಾರದ ಸಂಚಿಕೆಯ ಅಕ್ಷರರೂಪ)

ಇವತ್ತು ನಾನು ಕೆನಡಾದಲ್ಲಿ ಹನ್ನೆರಡನೇ ಕ್ಲಾಸಲ್ಲಿ ಓದಿದ ಒಂದು ಕೋರ್ಸ್ ಬಗ್ಗೆ ಹೇಳ್ತೀನಿ.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023–24ರಿಂದ ಹೈಸ್ಕೂಲ್ ಮುಗಿಸಬೇಕಾದರೆ ಮೂಲನಿವಾಸಿಗಳ ಕುರಿತ 4 ಕ್ರೆಡಿಟ್ ಓದು ಕಡ್ಡಾಯ. ನಾನು ‘ಬಿ.ಸಿ. ಫಸ್ಟ್ ಪೀಪಲ್ಸ್ 12’ ತಗೊಂಡೆ. ಮಾರ್ಕ್ಸ್ ಸುಲಭವಾಗಿ ಬರುತ್ತೆ ಅಂತ, ಸುಳ್ಳು ಯಾಕೆ ಹೇಳ್ಲಿ.

ಮನೇಲಿ ‘ರೆಸಿಡೆನ್ಶಿಯಲ್ ಸ್ಕೂಲ್ ಪಾಠ ನಡೀತಿದೆ’ ಅಂದಾಗ ಅಮ್ಮ, ‘ನಮ್ಮ ಮೊರಾರ್ಜಿ ಶಾಲೆ ಥರಾನಾ? ಒಳ್ಳೇದಲ್ವಾ, ಊಟ, ವಸತಿ ಎಲ್ಲಾ ಫ್ರೀ’ ಅಂದ್ರು. ಅಮ್ಮನ ತಪ್ಪಲ್ಲ. ನಮ್ಮೂರಲ್ಲಿ ವಸತಿ ಶಾಲೆಯ ಸೀಟು ಸಿಕ್ಕಿದ್ರೆ ಬೀದಿಗೆಲ್ಲ ಸಿಹಿ ಹಂಚ್ತಾರೆ.

ಅಲ್ಲಿ ಕಥೆಯೇ ಬೇರೆ. 1920ರಲ್ಲಿ ‘ಇಂಡಿಯನ್ ಆ್ಯಕ್ಟ್’ಗೆ (ಆ ಇಂಡಿಯನ್ ನಾವಲ್ಲ!) ತಿದ್ದುಪಡಿ ತಂದು, ಮಕ್ಕಳನ್ನು ಶಾಲೆಗೆ ಕಳಿಸದ ಅಪ್ಪ ಅಮ್ಮಂದಿರನ್ನು ಶಿಕ್ಷಿಸುವ ಅಧಿಕಾರ ಪಡೆದರು. ದುಡ್ಡು ಸರ್ಕಾರದ್ದು, ನಡೆಸಿದ್ದು ಹೆಚ್ಚಾಗಿ ಚರ್ಚುಗಳು. ಸುಮಾರು 1,50,000 ಮಕ್ಕಳು ಈ ಶಾಲೆಗಳಿಗೆ ಹೋದರು. ಕೂದಲು ಕತ್ತರಿಸ್ತಿದ್ರು, ಮನೆಭಾಷೆ ಆಡಿದ್ರೆ ಹೊಡೀತಿದ್ರು. ಸಾವಿರಾರು ಮಕ್ಕಳು ಮನೆಗೆ ವಾಪಸ್ ಬರಲೇ ಇಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಮ್ಮ ಆಗ ಕಾಲೇಜಲ್ಲಿದ್ರು.

ಫಿಲಿಸ್ ವೆಬ್‌ಸ್ಟಾಡ್ ಅವರ ಕಥೆ ಕೇಳಿ. 1973, ಆರು ವರ್ಷದ ಹುಡುಗಿ. ಶಾಲೆಗೆ ಅಂತ ಅಜ್ಜಿ ಹೊಸ ಕಿತ್ತಳೆ ಬಣ್ಣದ ಅಂಗಿ ಕೊಡಿಸಿದ್ರು. ಮೊದಲ ದಿನವೇ ಅದನ್ನ ಕಿತ್ಕೊಂಡ್ರು. ಸೆಪ್ಟೆಂಬರ್ 30ರಂದು ದೇಶವೆಲ್ಲ ಕಿತ್ತಳೆ ಅಂಗಿ ಹಾಕೋದು ಈ ಕಾರಣಕ್ಕೆ. ‘ಅಂಗಿ ವಾಪಸ್ ಕೊಟ್ರಾ?’ ಅಂತ ಅಮ್ಮ ಕೇಳಿದ್ರು. ಕೊಡಲಿಲ್ಲ.

2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ 94 ಕೆಲಸಗಳ ಪಟ್ಟಿ ಕೊಟ್ಟಿತು. ಶಾಲೆಗಳಲ್ಲಿ ಇದನ್ನು ಕಡ್ಡಾಯವಾಗಿ ಕಲಿಸಿ ಅನ್ನೋದು ಅದರಲ್ಲಿ 62ನೆಯದು.

ಅಪ್ಪನದು ಬೇರೆ ತಕರಾರು: ‘ನಾವು ಬಂದಿದ್ದೇ 2017ರಲ್ಲಿ. ನಮಗೇನಪ್ಪಾ ಸಂಬಂಧ?’ ಈ ಪ್ರಶ್ನೆ ನನಗೂ ಇತ್ತು. ಆದರೆ ಈ ಪ್ರಾಂತ್ಯದ ಬಹುಪಾಲು ನೆಲಕ್ಕೆ ಅಲ್ಲಿನ ಜನರ ಜೊತೆ ಒಪ್ಪಂದವೇ ಆಗಿಲ್ಲ. ನಾವಿರೋ ಸರ್ರೆ ಊರು ಸೆಮಿಯಾಮೂ, ಕಾಟ್ಜಿ, ಕ್ವಾಂಟ್ಲೆನ್ ಜನರ ನೆಲ. ತಿಂಗಳಾ ತಿಂಗಳಾ ಅಪ್ಪ ಕಂತು ಕಟ್ತಿರೋ ಮನೆಯ ಕೆಳಗಿನ ನೆಲವೂ ಅದೇ. ಇದನ್ನ ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ, ಟಿವಿ ಸೌಂಡ್ ಕಮ್ಮಿ ಮಾಡಿದ್ರು.

ಮುಂದಿನ ವಾರ ಈ ಒಪ್ಪಂದಗಳ ಬಗ್ಗೆಯೇ ಮಾತಾಡೋಣ.