ಅಳೆದ ಅಂಕಿ, ಲೆಕ್ಕ ಹಾಕಿದ ಅಂಕಿ

ಪೀಟರ್ ಗತ್ರಿ ಟೇಟ್ ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಮಗ ಫ್ರೆಡ್ಡಿ, ಬ್ರಿಟನ್ನಿನ ಅಮೆಚೂರ್ ಗಾಲ್ಫ್ ಚಾಂಪಿಯನ್‌ಷಿಪ್ಪನ್ನು 1896ರಲ್ಲೂ 1898ರಲ್ಲೂ ಗೆದ್ದ ಆಟಗಾರ. ಹೊಡೆದ ಚೆಂಡು ಗಾಳಿಯಲ್ಲಿ ಅಷ್ಟು ಹೊತ್ತು ಹೇಗೆ ಉಳಿಯುತ್ತದೆ ಎಂಬುದು 1890ರ ದಶಕದಲ್ಲಿ ತಂದೆಯನ್ನು ಕಾಡಿದ ಪ್ರಶ್ನೆ. ಗುರುತ್ವಾಕರ್ಷಣೆಯ ಲೆಕ್ಕದಂತೆ ಅದು ಇನ್ನೂ ಬೇಗ ನೆಲಕ್ಕೆ ಬೀಳಬೇಕಿತ್ತು. ಚೆಂಡು ಹಿಮ್ಮುಖವಾಗಿ ತಿರುಗುತ್ತ ಸಾಗುತ್ತದೆ, ಆ ತಿರುಗುವಿಕೆಯೇ ಅದನ್ನು ಎತ್ತಿ ಹಿಡಿಯುತ್ತದೆ ಎಂದು ಟೇಟ್ ತರ್ಕಿಸಿದರು. ರುಜುವಾತಿಗಾಗಿ ಉದ್ದನೆಯ ಪಟ್ಟಿಯೊಂದರ ಒಂದು ತುದಿಯನ್ನು ಚೆಂಡಿಗೂ ಇನ್ನೊಂದನ್ನು ನೆಲಕ್ಕೂ ಕಟ್ಟಿ, ಒಂದೆರಡು ಗಜ ದೂರದ ಜೇಡಿಮಣ್ಣಿನ ಗೋಡೆಗೆ ಹೊಡೆಸಿದರು. ಪಟ್ಟಿಗೆ ಬಿದ್ದ ಹುರಿಯಿಂದ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸೆಕೆಂಡಿಗೆ 40ರಿಂದ 120 ಸುತ್ತು. ನಿಮಿಷದ ಲೆಕ್ಕದಲ್ಲಿ 2,400ರಿಂದ 7,200. ಇಂದಿನ ವೃತ್ತಿಪರ ಆಟಗಾರರ ಡ್ರೈವರ್ ಹೊಡೆತದ ಸ್ಪಿನ್ ನಿಮಿಷಕ್ಕೆ ಸುಮಾರು 2,600 ಸುತ್ತು, 7 ಐರನ್‌ನದು ಸುಮಾರು 7,000. ಒಂದು ಪಟ್ಟಿ, ಒಂದು ಮಣ್ಣಿನ ಗೋಡೆ ಇಟ್ಟುಕೊಂಡು ಅಷ್ಟು ಹತ್ತಿರಕ್ಕೆ ಬಂದದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಆ ಪಟ್ಟಿಯ ಕೆಲಸವನ್ನೂ ಇನ್ನಷ್ಟನ್ನೂ ಈಗ ಲಾಂಚ್ ಮಾನಿಟರ್ ಎಂಬ ಉಪಕರಣ ಮಾಡುತ್ತದೆ. ಕ್ಲಬ್ಬಿನ ಮುಖ ಚೆಂಡಿಗೆ ತಾಗಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಎಲ್ಲವೂ ತೀರ್ಮಾನವಾಗಿರುತ್ತದೆ: ಚೆಂಡಿನ ವೇಗ, ಮೇಲೇಳುವ ಕೋನ, ಎಡಬಲದ ದಿಕ್ಕು, ಸ್ಪಿನ್ ಎಷ್ಟು, ಆ ಸ್ಪಿನ್ನಿನ ಅಕ್ಷ ಯಾವ ಕಡೆಗೆ ಓರೆಯಾಗಿದೆ. ಇವಿಷ್ಟು ಗೊತ್ತಾದರೆ ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಗಣಿತ ಹೇಳಬಲ್ಲದು. ಡೆನ್ಮಾರ್ಕಿನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕ್‌ಮನ್ ಕಂಪನಿಯ ಯಂತ್ರ ಚೆಂಡು ಹೊರಟಲ್ಲಿಂದ ಬೀಳುವವರೆಗೂ ರೇಡಾರ್‌ನಿಂದ ಹಿಂಬಾಲಿಸುತ್ತದೆ. ಅದನ್ನು ರೂಪಿಸಿದ ಎಂಜಿನಿಯರ್ ಮಿಲಿಟರಿ ರೇಡಾರ್ ಕ್ಷೇತ್ರದಿಂದ ಬಂದವರು. ಅಂಥ ಯಂತ್ರದ ಬೆಲೆ 20,000 ಡಾಲರ್‌ಗೂ ಮೇಲೆ. ಅಭ್ಯಾಸಕ್ಕೆಂದು ಸಾಮಾನ್ಯ ಆಟಗಾರ ಕೊಳ್ಳಬಹುದಾದ, ಕಿಟ್ ಬ್ಯಾಗಿನಲ್ಲಿ ಹಿಡಿಯುವ ಪೆಟ್ಟಿಗೆಗಳು ಅಮೆರಿಕದ ಮಾರುಕಟ್ಟೆಯಲ್ಲಿ ಸುಮಾರು 200ರಿಂದ 700 ಡಾಲರ್‌ಗೆ ಸಿಗುತ್ತವೆ. ಇವುಗಳಲ್ಲಿ ಹಲವೂ ಪರದೆಯ ಮೇಲೆ ಹತ್ತಾರು ಅಂಕಿಗಳನ್ನು ತೋರಿಸುತ್ತವೆ. ಅವುಗಳಲ್ಲಿ ಅಳೆದದ್ದು ಯಾವುದು, ಅಳೆದದ್ದರ ಮೇಲೆ ಅಂದಾಜು ಕಟ್ಟಿದ್ದು ಯಾವುದು? ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ.

ವೇಗದ ವಿಷಯದಲ್ಲಿ ಅಗ್ಗದ ಪೆಟ್ಟಿಗೆಯನ್ನೂ ನಂಬಬಹುದು. ಕಾರಣ ಡಾಪ್ಲರ್ ಪರಿಣಾಮ. ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನಾಂಕ ಬದಲಾಗುತ್ತದೆ ಎಂದು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದರು. ಚಿಕ್ಕ ರೇಡಾರ್‌ಗಳಲ್ಲಿ ಹೆಚ್ಚಾಗಿ ಬಳಸುವುದು 24 ಗಿಗಾಹರ್ಟ್ಸ್ ಅಲೆ. ಅದರ ತರಂಗಾಂತರ 12.5 ಮಿಲಿಮೀಟರ್. ಚೆಂಡು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದರೆ, ಹೋದ ಅಲೆಗೂ ತಾಗಿ ಮರಳಿದ ಅಲೆಗೂ 8,000 ಹರ್ಟ್ಸ್ ವ್ಯತ್ಯಾಸ. ಸ್ಪೀಕರಿಗೆ ಕೊಟ್ಟರೆ ಕಿವಿಗೇ ಕೇಳಿಸುವಷ್ಟು ಕಡಿಮೆ ಕಂಪನಾಂಕ ಅದು; ಎಣಿಸಲು ದುಬಾರಿ ವಿದ್ಯುನ್ಮಾನ ಬೇಕಿಲ್ಲ. ಮಾಲ್‌ಗಳಲ್ಲಿ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳಿಗೂ ಇದೇ 24 ಗಿಗಾಹರ್ಟ್ಸ್ ಚಿಪ್‌ಗಳು ಸಾಕಾಗುತ್ತವೆ. ಬೆಲೆ ಇಳಿದಿರುವುದರ ಹಿಂದೆ ಇದೂ ಇದೆ.

ಜಪಾನಿನ ಪಿಆರ್‌ಜಿಆರ್ ಕಂಪನಿಯ ಜೇಬಿನಲ್ಲಿ ಹಿಡಿಸುವ ಸಾಧನ ಇಷ್ಟಕ್ಕೇ ನಿಲ್ಲುತ್ತದೆ. ಕ್ಲಬ್ಬಿನ ವೇಗ, ಚೆಂಡಿನ ವೇಗ ಎರಡನ್ನೂ ಅಳೆದು, ನೀವು ಯಾವ ಕ್ಲಬ್ ಹಿಡಿದಿದ್ದೀರಿ ಎಂಬುದರ ಮೇಲೆ ದೂರವನ್ನು ಅಂದಾಜಿಸುತ್ತದೆ. ಆ ಕ್ಲಬ್ಬಿಗೆ ಸಹಜವಾದ ಕೋನ, ಸಹಜವಾದ ಸ್ಪಿನ್ ಇದೆ ಎಂದು ಅದು ಮೊದಲೇ ಭಾವಿಸಿಕೊಂಡಿರುತ್ತದೆ. ತೆಳುವಾಗಿ ತಾಗಿ ನೆಲಮಟ್ಟದಲ್ಲೇ ಓಡಿದ ಚೆಂಡಿಗೂ ಒಳ್ಳೆಯ ಕ್ಯಾರಿ (ನೆಲ ಮುಟ್ಟುವ ಮುನ್ನ ಹಾರಿದ ದೂರ) ತೋರಿಸಬಹುದು. ಆದರೂ ಸ್ವಿಂಗಿನ ವೇಗ ಹೆಚ್ಚಿಸಿಕೊಳ್ಳುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಇದಕ್ಕಿಂತ ಹೆಚ್ಚು ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ತೊಡಕು ಬರುವುದು ಸ್ಪಿನ್ನಿನಲ್ಲಿ. ತಿರುಗುವ ಚೆಂಡಿನಿಂದ ಮರಳುವ ಅಲೆಯಲ್ಲಿ ಪ್ರತಿ ಸುತ್ತಿಗೂ ಒಂದು ಸಣ್ಣ ಏರಿಳಿತವಿರುತ್ತದೆ. ರೇಡಾರ್ ಅದನ್ನು ಹೆಕ್ಕಿ ತೆಗೆಯಬೇಕು. ಬಯಲಿನಲ್ಲಿ ಚೆಂಡು ಹಲವು ಸೆಕೆಂಡು ಹಾರುವುದರಿಂದ ಎಣಿಸಲು ಸಾಕಷ್ಟು ಸುತ್ತುಗಳು ಸಿಗುತ್ತವೆ. ಮನೆಯ ತಾರಸಿಯಲ್ಲಿ 3 ಮೀಟರ್ ಆಚೆ ಬಲೆ ಕಟ್ಟಿದ್ದರೆ? ಸೆಕೆಂಡಿಗೆ 65 ಮೀಟರ್ ವೇಗದ ಡ್ರೈವರ್ ಹೊಡೆತ ಆ ಬಲೆ ಮುಟ್ಟುವುದು 46 ಮಿಲಿಸೆಕೆಂಡಿನಲ್ಲಿ. ನಿಮಿಷಕ್ಕೆ 2,600 ಸುತ್ತಿನ ಚೆಂಡು ಅಷ್ಟರಲ್ಲಿ ತಿರುಗಿರುವುದು ಎರಡೇ ಸುತ್ತು. ಎರಡು ಸುತ್ತಿನ ಮಸುಕು ಏರಿಳಿತದಿಂದ ಸ್ಪಿನ್ ಹೇಳುವುದು ಚಿಕ್ಕ ರೇಡಾರ್‌ಗೆ ಬಹಳ ಕಷ್ಟ. ಅಕ್ಷದ ಓರೆ ಇನ್ನೂ ಕಷ್ಟ, ಏಕೆಂದರೆ ಚೆಂಡು ಬಾಗತೊಡಗುವ ಮುನ್ನವೇ ಬಲೆ ತಡೆದುಬಿಡುತ್ತದೆ.

ಈ ಕೊರತೆಯನ್ನು ಒಂದೊಂದು ಕಂಪನಿ ಒಂದೊಂದು ರೀತಿ ತುಂಬಿಕೊಳ್ಳುತ್ತದೆ. ಫ್ಲೈಟ್‌ಸ್ಕೋಪ್ ಕಂಪನಿಯ ಮೀವೊ ಜೊತೆ ಚೆಂಡಿಗೆ ಅಂಟಿಸುವ ಪುಟ್ಟ ಲೋಹದ ಚುಕ್ಕೆಗಳು ಬರುತ್ತವೆ. ಲೋಹ ಅಲೆಯನ್ನು ಜೋರಾಗಿ ಹಿಮ್ಮರಳಿಸುವುದರಿಂದ ಪ್ರತಿ ಸುತ್ತೂ ಎದ್ದು ಕಾಣುತ್ತದೆ. ರಾಪ್ಸೊಡೊ ಕಂಪನಿಯ ಎಂಎಲ್‌ಎಂ2ಪ್ರೊ ರೇಡಾರ್ ಜೊತೆಗೆ ಎರಡು ಕ್ಯಾಮೆರಾ ಇಟ್ಟುಕೊಂಡು, ವಿಶೇಷ ಗುರುತು ಮುದ್ರಿಸಿದ ಚೆಂಡಿನ ಚಿತ್ರಗಳಿಂದ ತಿರುಗುವಿಕೆಯನ್ನು ಓದುತ್ತದೆ. ಗುರುತಿಲ್ಲದ ಚೆಂಡು ಹೊಡೆದರೆ ಅದರ ಸ್ಪಿನ್ನೂ ಅಂದಾಜೇ. 2021ರಲ್ಲಿ 600 ಡಾಲರ್ ಆಸುಪಾಸಿಗೆ ಬಂದ ಗಾರ್ಮಿನ್ ಆರ್10 ಬರಿಯ ರೇಡಾರ್. ಅದನ್ನು ಚೆಂಡಿನ ಹಿಂದೆ ಸುಮಾರು 2 ಮೀಟರ್ ದೂರದಲ್ಲಿ ಇಡಬೇಕು, ಮುಂದೆ ಕನಿಷ್ಠ ಎರಡೂವರೆ ಮೀಟರ್ ಹಾರಾಟ ಬೇಕು. ಬಯಲಿಗೆ ಅದು ಹಣಕ್ಕೆ ತಕ್ಕ ಸಾಧನ ಎಂಬುದು ನನ್ನ ಎಣಿಕೆ. ಅಭ್ಯಾಸವೆಲ್ಲ ಬಲೆಯೆದುರೇ ಎನ್ನುವವರಿಗೆ ಕ್ಯಾಮೆರಾ ಇರುವುದನ್ನೇ ಹೇಳುತ್ತೇನೆ. ಕ್ಯಾಮೆರಾಕ್ಕೆ ಸುಡುಬಿಸಿಲು ಆಗದು, ರೇಡಾರ್‌ಗೆ ಹತ್ತಿರ ತಿರುಗುವ ಫ್ಯಾನ್ ಆಗದು. ಎಲ್ಲಿ ನಿಂತು ಹೊಡೆಯುತ್ತೀರೋ ಅಲ್ಲಿ ಇವೆರಡನ್ನೂ ನೋಡಿಕೊಳ್ಳಿ. ಕೆಲವು ಸಾಧನಗಳ ಮುಖ್ಯ ಸೌಲಭ್ಯಗಳಿಗೆ ವರ್ಷವರ್ಷ ಚಂದಾ ಕಟ್ಟಬೇಕಾಗುತ್ತದೆ. ಅದನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ದಿಕ್ಕಿನ ಮಾತು ಬೇರೆ. ಪೆಟ್ಟಿಗೆಯ ಮೂತಿ ಗುರಿಯಿಂದ 1 ಡಿಗ್ರಿ ಸರಿದಿದ್ದರೆ 180 ಮೀಟರ್ ಆಚೆ ಅದು 3 ಮೀಟರ್ ತಪ್ಪು. ನೇರ ಹೋದ ಚೆಂಡನ್ನೂ ಎಡಕ್ಕೆ ಹೋಯಿತು ಎನ್ನುತ್ತದೆ, ಆಟಗಾರ ಇಲ್ಲದ ದೋಷವನ್ನು ತಿದ್ದಲು ಹೊರಡುತ್ತಾನೆ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಕ್ಲಬ್ಬಿನ ಮುಖ: ಐರನ್‌ನಲ್ಲಿ ಸುಮಾರು ಶೇ. 75, ಡ್ರೈವರ್‌ನಲ್ಲಿ ಸುಮಾರು ಶೇ. 85. ಸ್ವಿಂಗಿನ ಪಥವೇ ದಿಕ್ಕು ಕೊಡುತ್ತದೆ ಎಂಬ ಹಳೆಯ ಪಾಠವನ್ನು ರೇಡಾರ್ ಮಾಪನಗಳೇ ಬದಲಿಸಿದವು. ಆದರೆ ಅಗ್ಗದ ರೇಡಾರ್ ಕ್ಲಬ್ಬಿನ ಮುಖವನ್ನು ನೇರವಾಗಿ ನೋಡುವುದಿಲ್ಲ. ಚೆಂಡು ಹೊರಟ ದಿಕ್ಕಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಆ ಅಂಕಿಯೊಂದನ್ನೇ ನಂಬಿ ಯಾರೂ ಹಿಡಿತ ಬದಲಿಸಬಾರದು.

ಬೆಂಗಳೂರಿನ ಆಟಗಾರರು ಗಮನಿಸಬೇಕಾದ್ದು ಇನ್ನೊಂದಿದೆ. ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರ. ಇಲ್ಲಿನ ಗಾಳಿ ಕರಾವಳಿಗಿಂತ ಶೇ. 10ರ ಹತ್ತಿರ ತೆಳು, ಹಾಗಾಗಿ ಚೆಂಡು ಶೇ. 3ರಷ್ಟು ಹೆಚ್ಚು ದೂರ ಹೋಗುತ್ತದೆ. 150 ಗಜದ ಹೊಡೆತದಲ್ಲಿ ಇದು ನಾಲ್ಕೈದು ಗಜ. ಹಾರಾಟವನ್ನು ಲೆಕ್ಕದಿಂದ ಪೂರ್ತಿಮಾಡುವ ಸಾಧನಕ್ಕೆ ಊರಿನ ಎತ್ತರ ಗೊತ್ತಿರಬೇಕು. ಆ್ಯಪ್‌ನಲ್ಲಿ ಅದು ಸಮುದ್ರಮಟ್ಟಕ್ಕೇ ಇದ್ದರೆ ದಿನವೂ ಕಡಿಮೆ ತೋರಿಸುತ್ತದೆ. ಡ್ರೈವಿಂಗ್ ರೇಂಜಿನ ಸವೆದ ಗಟ್ಟಿ ಚೆಂಡುಗಳು ಇದಕ್ಕೂ ಹೆಚ್ಚಿನ ಗೊಂದಲ ತರುತ್ತವೆ. ಗುಳಿಗಳು ಸವೆದರೆ ಗಾಳಿಯ ಹರಿವೇ ಬದಲಾಗುತ್ತದೆ. ಪೆಟ್ಟಿಗೆ ಮಾತ್ರ ಹೊಸ ಚೆಂಡಿನ ಸೂತ್ರವನ್ನೇ ಹಾಕುತ್ತಿರುತ್ತದೆ.

ಇದೇ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು, ಒಂದೇ ಹೊಡೆತದಿಂದ ಪದಕ ತಪ್ಪಿತು. ಬಲು ದೂರ ಹೊಡೆಯುವವರ ಸಾಲಿಗೆ ಸೇರದ ಅವರನ್ನು ಅಲ್ಲಿಯವರೆಗೆ ಕರೆದೊಯ್ದದ್ದು ಗ್ರೀನಿನ ಮೇಲಿನ ಪಟಿಂಗ್. ಪಟಿಂಗಿಗೆ ಈ ಅಗ್ಗದ ಪೆಟ್ಟಿಗೆಗಳಿಂದ ಹೆಚ್ಚೇನೂ ಸಿಗದು; ಅವುಗಳ ಕೆಲಸ ಮುಖ್ಯವಾಗಿ ಪೂರ್ಣ ಸ್ವಿಂಗಿನದು. ಅಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಯಾವ ಕ್ಲಬ್ ಎಷ್ಟು ಕ್ಯಾರಿ ಕೊಡುತ್ತದೆ, ಎರಡು ಕ್ಲಬ್ಬುಗಳ ನಡುವೆ ಎಷ್ಟು ಅಂತರವಿದೆ ಎಂಬ ಪಟ್ಟಿ. ಅದಕ್ಕೆ ಬೇಕಾದ್ದು ಒಂದೇ ಬಗೆಯ ಚೆಂಡು, ಒಂದೇ ಜಾಗ, ತಾಳ್ಮೆ.

ಕೊಳ್ಳುವ ಮುನ್ನ, ದೊಡ್ಡ ಯಂತ್ರವಿರುವ ತರಬೇತುದಾರರ ಬಳಿ ಒಂದು ಗಂಟೆ ಕೇಳಿ ಪಡೆಯಿರಿ. ಆ ಯಂತ್ರವನ್ನೂ ನೀವು ಕೊಳ್ಳಬೇಕೆಂದಿರುವ ಚಿಕ್ಕ ಪೆಟ್ಟಿಗೆಯನ್ನೂ ಒಟ್ಟಿಗೆ ಇಟ್ಟು 7 ಐರನ್‌ನಲ್ಲಿ ಹದಿನೈದಿಪ್ಪತ್ತು ಚೆಂಡು ಹೊಡೆದು, ಪ್ರತಿ ಹೊಡೆತದ ವ್ಯತ್ಯಾಸ ಬರೆದುಕೊಳ್ಳಿ. ಚಿಕ್ಕದು ಪ್ರತಿ ಬಾರಿಯೂ ಐದು ಗಜ ಕಡಿಮೆ ತೋರಿಸಿದರೆ ತೊಂದರೆಯಿಲ್ಲ, ಐದು ಕೂಡಿಸಿಕೊಂಡರಾಯಿತು. ಒಮ್ಮೆ ಹತ್ತು ಹೆಚ್ಚು, ಮತ್ತೊಮ್ಮೆ ಹತ್ತು ಕಡಿಮೆ ತೋರಿಸಿದರೆ ಅದಕ್ಕೆ ತಿದ್ದುಪಡಿಯಿಲ್ಲ. ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.