ಹಲ್ಲಿಗೆ ಹಚ್ಚುವ ಮಿಶ್ರಿ, ಬಾಯಿಗೆ ಬೀಳುವ ದಂಡ

ಮರಾಠಿಯವರಿಗೆ ಮಶೇರಿ, ನಮಗೆ ಮಿಶ್ರಿ. ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ತಂಬಾಕು ಮಾತ್ರ ಒಂದೇ. ಅಕ್ಕಲಕೋಟ, ಜತ್ತ ತಾಲೂಕುಗಳ ಅನೇಕ ಕನ್ನಡ ಮನೆಗಳಲ್ಲಿ ಮುಂಜಾನೆ ಹಲ್ಲಿಗೆ ಹತ್ತುವುದು ಇದೇ. ಈಚೆಗಿನ ವಿಜಯಪುರ, ಕಲಬುರಗಿ ಹಳ್ಳಿಗಳಿಗೂ ಈ ರೂಢಿ ಹೊಸದಲ್ಲ. ಹೆಣ್ಣು ಕೊಟ್ಟು ತರುವ ನಂಟಸ್ತನದ ಸಂಗಡ ಮಿಶ್ರಿ ಡಬ್ಬಿಯೂ ಗಡಿ ದಾಟುತ್ತಲೇ ಬಂದಿದೆ.

ಈ ಊರುಗಳಲ್ಲಿ ತಿರುಗುವಾಗ ಇಪ್ಪತ್ತು, ಇಪ್ಪತ್ತೈದರ ಹರೆಯದವರನ್ನು ನಾನು ಕೇಳುವುದುಂಟು: ಕಾಲೇಜು ಕಲಿತೀರಿ, ಮತ್ತ್ಯಾಕ್ರೀ ಮಿಶ್ರಿ? ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಹಲ್ಲ ನೋವಿಗಂತ ಅತ್ತಿ ಹಚ್ಚಂದ್ರು, ಈಗ ಹಚ್ಚದಿದ್ರ ತಲಿ ಹಿಡೀತದ, ಹೊಟ್ಟಿ ಸಾಫ್ ಆಗೂದಿಲ್ಲ.

ಈ ಮಾತಿನಲ್ಲೇ ಗುಟ್ಟಿದೆ. ತಂಬಾಕಿನ ನಿಕೋಟಿನ್ ಬಾಯಿಯ ತೆಳು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ನೋವು ಸ್ವಲ್ಪ ಹೊತ್ತು ಮರೆತಂತಾಗುತ್ತದೆ, ಹುಳುಕು ಮಾತ್ರ ಒಳಗೊಳಗೇ ಬೇರಿಗೆ ಇಳಿಯುತ್ತದೆ. ಒಮ್ಮೆ ಹಚ್ಚುತ್ತಿದ್ದವರು ದಿನಕ್ಕೆ ನಾಲ್ಕು ಸಲ ಹಚ್ಚುತ್ತಾರೆ. ಅದು ಹಲ್ಲುಜ್ಜುವುದಲ್ಲ, ಚಟ. ಬಸುರಿಯರು ಹಚ್ಚಿದರೆ ಹುಟ್ಟುವ ಕೂಸಿನ ತೂಕವೂ ಕಡಿಮೆಯಾಗುತ್ತದೆ.

ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಆದರೆ ಮನೆಯ ಹಂಚಿನ ತನಕ ಕಾಯ್ದೆ ಬರುವುದೆಲ್ಲಿಂದ?

ಗಂಡು ಹುಡುಗರದು ಇನ್ನೊಂದು ಕಥೆ. ಗುಟಖಾ ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಬಂದ್ ಆಯಿತು. ಆದರೂ ಎರಡು ಪುಡಿಕೆ ಕೊಂಡು ಅಂಗೈಯಲ್ಲಿ ಬೆರೆಸುವುದು ನಿಂತಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಚರ್ಮ ನಾರುಗಟ್ಟುತ್ತದೆ, ಬಾಯಿ ತೆರೆಯುವುದಿಲ್ಲ. ಖಾರ ತಾಗಿದರೆ ಉರಿ. ಇದು ಕ್ಯಾನ್ಸರಿಗೆ ತಿರುಗಬಹುದು. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡಿ. ಹಿಡಿಸದಿದ್ದರೆ ದವಾಖಾನೆಗೆ ಹೋಗಲು ತಡ ಮಾಡಬೇಡಿ.

ಇನ್ನು, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಅಂಜಿಕೆ ಎರಡೂ ಭಾಷೆಯವರಲ್ಲಿದೆ. ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ. ಈ ಅಂಜಿಕೆಯಿಂದ ಕೀವು ತುಂಬಿದ ಹಲ್ಲನ್ನು ಹಾಗೇ ಬಿಡುವುದೇ ಅಪಾಯ.

ಹಿರಿಯರದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಹಸಿ ಬೇವಿನ ಕಡ್ಡಿ ಮೆತ್ತಗೆ ಜಗಿದು ಉಜ್ಜಿದರೆ ಒಳ್ಳೆಯದೇ. ಬೂದಿ, ಇದ್ದಲಿ, ಇಟ್ಟಂಗಿ ಪುಡಿ ಮಾತ್ರ ಹಲ್ಲಿನ ಹೊಳಪನ್ನೇ ಸವೆಸುತ್ತವೆ. ಫ್ಲೋರೈಡ್ ಪೇಸ್ಟು, ಮೆದು ಬ್ರಶ್ಶು, ಮುಂಜಾನೆ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ. ಇಷ್ಟು ಸಾಕು.

ಚಟ ಬಿಡಬೇಕೆನ್ನುವವರಿಗೆ ತಂಬಾಕು ಪೊಟ್ಟಣದ ಮೇಲೆಯೇ 1800-11-2356 ಎಂಬ ಪುಕ್ಕಟೆ ಸಹಾಯವಾಣಿ ಅಚ್ಚಾಗಿರುತ್ತದೆ. ಅಂಗಡಿಕಾರರು ಗಿರಾಕಿಗೆ ಆ ನಂಬರ್ ತೋರಿಸಿದರೂ ದೊಡ್ಡ ಉಪಕಾರ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಮುದುಕರ ಪಾಲಿನದು. ನಮ್ಮ ಮೂವತ್ತರ ಮಕ್ಕಳ ಪಾಲಿಗೆ ಅದು ಬರಬಾರದು.