ಸೀಸದ ಮೊಳೆಯಲ್ಲಿ ಕುಂಚದ ಬರಹ

ಹೋಟೆಲ್ ಮೆನು, ಲಗ್ನಪತ್ರಿಕೆ, ಟೀ ಶರ್ಟು, ಸಿನಿಮಾ ಪೋಸ್ಟರ್: ಕುಂಚದಲ್ಲಿ ಸರಸರನೆ ಬರೆದಂತೆ ಕಾಣುವ ಇಂಗ್ಲಿಷ್ ಅಕ್ಷರಗಳು ಎಲ್ಲೆಡೆ ಇವೆ. ಅವುಗಳಲ್ಲಿ ಬಹುಪರಿಚಿತವಾದದ್ದು ‘ಬ್ರಷ್ ಸ್ಕ್ರಿಪ್ಟ್’. ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗಾಗಿ ರಾಬರ್ಟ್ ಇ. ಸ್ಮಿತ್ 1942ರಲ್ಲಿ ಇದನ್ನು ರೂಪಿಸಿದರು.

ಬಲಕ್ಕೆ ವಾಲಿದ ನಿಲುವು, ದಪ್ಪಗೆ ಇಳಿದು ತೆಳ್ಳಗೆ ಏರುವ ಗೆರೆ, ಒಂದಕ್ಕೊಂದು ಬೆಸೆದುಕೊಂಡ ಸಣ್ಣಕ್ಷರಗಳು ಇದರ ಚಹರೆ. ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ಅಕ್ಷರವೂ ಬೇರೆಯದೇ ಲೋಹದ ತುಂಡು. ಒಂದರ ಬಾಲ ಅಂಚಿಗೆ ಬಂದು ನಿಲ್ಲುವ ಎತ್ತರದಲ್ಲೇ ಮುಂದಿನದರ ಗೆರೆ ಶುರುವಾಗಬೇಕು. ಕೂದಲೆಳೆಯಷ್ಟು ತಪ್ಪಿದರೂ ಬರಹ ತುಂಡಾಗಿ ಕಾಣುತ್ತದೆ.

ಫ್ರಾನ್ಸಿನ ರೋಜೆ ಎಕ್ಸ್‌ಕೊಫಾನ್ ಈ ಕುಶಲತೆಯನ್ನು ಇನ್ನೂ ಮುಂದಕ್ಕೆ ಒಯ್ದರು. ತಮ್ಮದೇ ಕೈಬರಹ ಆಧರಿಸಿ ಅವರು ರಚಿಸಿದ ‘ಮಿಸ್ಟ್ರಾಲ್’ 1953ರಲ್ಲಿ ಮಾರ್ಸೇಲ್ಸ್‌ನ ಒಲಿವ್ ಫೌಂಡ್ರಿಯಿಂದ ಹೊರಬಂತು. ಅಂಚು ಒರಟು, ಓಟ ಬಿರುಸು. ಆದರೂ ಕೊಂಡಿ ಕಳಚುವುದಿಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ರಭಸದಿಂದ ಬೀಸುವ ಗಾಳಿಯ ಹೆಸರೇ ಅದಕ್ಕೆ. 2011ರ ‘ಡ್ರೈವ್’ ಚಿತ್ರದ ಶೀರ್ಷಿಕೆಯಲ್ಲಿ ಅದು ಗುಲಾಬಿ ಬಣ್ಣ ತೊಟ್ಟು ಮಿಂಚಿತು.

ಇಂಥ ಫಾಂಟ್‌ಗಳು ದೊಡ್ಡ ಗಾತ್ರದಲ್ಲಿ, ಎರಡು ಮೂರು ಪದಗಳಿಗೆ ಚೆನ್ನ. ಪುಟಗಟ್ಟಲೆ ಹಾಕಿದರೆ ಕಣ್ಣು ದಣಿಯುತ್ತದೆ. ಇಡೀ ಪದವನ್ನು ದೊಡ್ಡಕ್ಷರಗಳಲ್ಲೇ ಜೋಡಿಸಿದರೆ ಓದುವುದೇ ಕಷ್ಟ. ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿಗೆ ಕುಂಚದ ಅಕ್ಷರ, ಮುಹೂರ್ತ ಮತ್ತು ವಿಳಾಸಕ್ಕೆ ಸರಳ ಅಕ್ಷರ ಬಳಸಿದರೆ ಅಂದವೂ ಉಳಿಯುತ್ತದೆ, ಅತಿಥಿಗಳಿಗೆ ದಾರಿಯೂ ತಪ್ಪುವುದಿಲ್ಲ.